ಅರಗಿನ ಮನೆಯಲ್ಲಿ ಮಲಗಿದವಳು

ಶ್ರಾವಣ ಮುಗಿಯುವ ಹೊತ್ತಿಗೆ ತ್ರಿವೇಣಿಯ ಗಂಟಲು ಕೂತುಹೋಗಿರುತ್ತದೆ. ಗಡಿಯಾಚೆ ಮರಾಠಿ ಸೀಮೆಯ ಕಾಸಾರಶಿರಸಿಯಲ್ಲಿ ಬಸ್ಸಿಳಿದು, ಸೋಯಾಬೀನ್ ಹೊಲಗಳ ನಡುವಿನ ರಸ್ತೆ ಹಿಡಿದು ಹೋದರೆ ಸಿಗುವ ಅವಳ ಊರಿನ ಮಠದಲ್ಲಿ ತಿಂಗಳು ಪೂರ್ತಿ ಸಂಜೆ ಪುರಾಣ ನಡೆಯುತ್ತದೆ. ಕಲಬುರಗಿ ಕಡೆಯಿಂದ ಬರುವ ವಿರೂಪಾಕ್ಷ ಶಾಸ್ತ್ರಿಗಳು ಕನ್ನಡದಲ್ಲಿ ಓದಿ ಕನ್ನಡದಲ್ಲೇ ವಿವರಿಸುತ್ತಾರೆ. ಹಿಂದೆ ಅಷ್ಟು ಸಾಕಾಗುತ್ತಿತ್ತು. ಊರ ಹಿರಿಯರು ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ ಮಾತಾಡಿ ಬಾಳಿದವರು. ಅವರ ಮೊಮ್ಮಕ್ಕಳಿಗೆ ಎರಡೂ ಕಡೆ ಮರಾಠಿಯೇ. ಲಾತೂರು, ಔಸಾ ಕಡೆಯಿಂದ ಬಂದ ಸೊಸೆಯಂದಿರಿಗಂತೂ ಶಾಸ್ತ್ರಿಗಳ ಕನ್ನಡ ಮಳೆಯ ಸದ್ದಿನ ಹಾಗೆ, ಕೇಳಲು ಹಿತ, ತಿಳಿಯುವುದೇನೂ ಇಲ್ಲ. ಹೀಗಾಗಿ ಶಾಸ್ತ್ರಿಗಳು ಒಂದು ಭಾಗ ಮುಗಿಸಿ ನೀರು ಕುಡಿಯುವಾಗ ತ್ರಿವೇಣಿ ಕಂಬದ ಪಕ್ಕ ಎದ್ದು ನಿಂತು ಅದರ ಅರ್ಥವನ್ನು ಮರಾಠಿಯಲ್ಲಿ ಹೇಳಬೇಕು.

ಅವಳನ್ನು ಯಾರೂ ಕೂರಿಸಿಕೊಂಡು ಕೇಳಿ ಒಪ್ಪಿಸಿದ್ದಲ್ಲ. ಔರಾದ ಕಡೆಯ ಹುಡುಗಿ, ಕನ್ನಡ ಶಾಲೆ ಓದಿದವಳು, ಲಗ್ನವಾಗಿ ಬಂದು ಇಪ್ಪತ್ತು ವರ್ಷದ ಮೇಲಾಯಿತು, ಮರಾಠಿಯೂ ಬಾಯಿಗೆ ಹತ್ತಿದೆ. ಒಂದು ಸಂಜೆ ಪಕ್ಕದಲ್ಲಿ ಕೂತಿದ್ದ ನೆಗೆಣ್ಣಿ ಮಂಗಲಾ "ಏನಂದ್ರು?" ಎಂದು ಕೇಳಿದ್ದಕ್ಕೆ ಕಿವಿಯಲ್ಲಿ ಹೇಳಿದಳು. ಹಿಂದಿನ ಸಾಲಿನವರು ನಮಗೂ ಕೇಳಲಿ ಎಂದರು. ಮರುದಿನ ಮೈಕು ಕೈಗೆ ಬಂತು, ಬಂದದ್ದು ಹೋಗಲಿಲ್ಲ. ಬೆಳಗ್ಗೆ ದನದ ಕಸ, ಮಕ್ಕಳ ಡಬ್ಬಿ, ಹಗಲೆಲ್ಲ ಹೊಲದಲ್ಲಿ ಕಳೆ, ಸಂಜೆ ತುಂಬಿದ ಮನೆಗೆ ರೊಟ್ಟಿ. ಅದಾದ ಮೇಲೆ ಕೈಗೆ ಹತ್ತಿದ ಹಿಟ್ಟು ತೊಳೆದುಕೊಂಡು ಮಠಕ್ಕೆ. ಗಂಡ ರವಿಕಾಂತ ಕೆಟ್ಟವನಲ್ಲ. "ನಿನ್ನಿಂದ ನಮ್ಮ ಮನಿ ಹೆಸರು ಆಗ್ಯದ" ಎಂದು ಹೆಮ್ಮೆಯಿಂದಲೇ ಹೇಳುತ್ತಿದ್ದ. ಹೆಸರಾಯಿತೆಂದು ರೊಟ್ಟಿ ಯಾರೂ ಬಡಿದು ಕೊಡಲಿಲ್ಲ, ಅಷ್ಟೇ.

ಈ ಸಲ ಶ್ರಾವಣದ ಮೊದಲ ದಿನ ಶಾಸ್ತ್ರಿಗಳು ಕತ್ತಿಗೆ ಮಫ್ಲರ್ ಸುತ್ತಿಕೊಂಡೇ ಗದ್ದುಗೆಯ ಮುಂದೆ ಕೂತರು. ಅವರಿಗೂ ವಯಸ್ಸಾಗಿತ್ತು. ಎರಡು ಸಾಲಿಗೊಮ್ಮೆ ಕೆಮ್ಮು.

"ಈ ಸಲ ಹಳೇ ಕಾವ್ಯದೊಳಗಿನ ಮನಿಗಳ ಕಥಿ ಹೇಳತೀನಿ," ಎಂದರು. "ಕವಿಗಳು ಮನಿ ಕಟ್ಟಿದ್ದು ಇರಲಿಕ್ಕ ಅಲ್ಲ ನೋಡ್ರಿ. ಒಳಗಿದ್ದಾಂವ ಎಂಥಾಂವ ಅಂತ ತೋರಸಲಿಕ್ಕ."

ತ್ರಿವೇಣಿ ಇದನ್ನು ಮರಾಠಿಯಲ್ಲಿ ಹೇಳಿದಳು. ಹೇಳುತ್ತ, ತಿಂಗಳು ಪೂರ್ತಿ ಮನೆಯ ಮಾತೇ ಆಯಿತಲ್ಲ ಎಂದುಕೊಂಡಳು. ಮನೆಯಿಂದ ಒಂದಿಷ್ಟು ಹೊತ್ತು ತಪ್ಪಿಸಿಕೊಂಡು ಬಂದರೆ ಇಲ್ಲಿಯೂ ಮನೆ.

ಮೊದಲು ಬಂದದ್ದು ಕಾಡಿನ ಎಲೆಮನೆ. ರಾಜ್ಯ ಕಳಕೊಂಡವರು ಅದರಲ್ಲಿ ಎಷ್ಟು ಸುಖವಾಗಿದ್ದರೆಂದು ಶಾಸ್ತ್ರಿಗಳು ರಾಗವಾಗಿ ಓದಿದರು. ಆ ಎಲೆಮನೆಯ ನೆಲ ಸಾರಿಸಿದವರು ಯಾರು, ನೀರು ಎಲ್ಲಿಂದ ಹೊತ್ತು ತಂದರು ಎಂಬುದು ಪದ್ಯದಲ್ಲಿರಲಿಲ್ಲ. ತ್ರಿವೇಣಿ ಅದನ್ನು ಹೇಳಲೂ ಇಲ್ಲ. ಆಮೇಲೆ ನೆಲವೆಲ್ಲ ನೀರಿನಂತೆ ಹೊಳೆಯುವ ಅರಮನೆ ಬಂತು. ಅದರಲ್ಲಿ ಜಾರಿಬಿದ್ದವನನ್ನು ನೋಡಿ ಯಾರೋ ನಕ್ಕರು. ಆ ನಗುವಿನಿಂದ ಕುಲವೇ ನಾಶವಾಯಿತು. ಆಮೇಲಿನದು ಬಡಬ್ರಾಹ್ಮಣನ ಗುಡಿಸಲು. ದೊಡ್ಡ ಗೆಳೆಯನನ್ನು ಕಂಡು ಬರುವಷ್ಟರಲ್ಲಿ ಗುಡಿಸಲು ಬಂಗಾರದ ಮಹಲಾಗಿದೆ. ಪಾಪ, ಅವನು ದಾರಿ ತಪ್ಪಿತೆಂದು ತನ್ನ ಬಾಗಿಲ ಮುಂದೆಯೇ ತನ್ನ ಮನೆ ಹುಡುಕುತ್ತಾನೆ.

ಇದನ್ನು ತ್ರಿವೇಣಿ ಮರಾಠಿಯಲ್ಲಿ ಹೇಳಿ ಮುಗಿಸುವ ಮೊದಲೇ ಮುದುಕರ ಸಾಲಿನಲ್ಲಿ ನಗು ಎದ್ದಿತು. "ಥೇಟ್ ನಮ್ಮ ವಿಶ್ವನಾಥಪ್ಪ!" ಎಂದು ಕಾಶೆಪ್ಪಜ್ಜ ತೊಡೆ ತಟ್ಟಿಕೊಂಡ. ವಿಶ್ವನಾಥಪ್ಪ ಎಂದರೆ ತ್ರಿವೇಣಿಯ ಮಾವ, ತೀರಿಕೊಂಡು ನಾಲ್ಕು ವರ್ಷವಾಗಿತ್ತು. ತೊಂಬತ್ತಮೂರರ ಭೂಕಂಪದಲ್ಲಿ ಹಳೆಯ ಊರು ಬಿದ್ದು ಮಣ್ಣಾದ ಮೇಲೆ ಸರಕಾರ ರಸ್ತೆಯ ಈಚೆ ಹೊಸ ಊರು ಕಟ್ಟಿಸಿತು. ಸಾಲಿಗೆ ಸಾಲು, ಮನೆಗೆ ಮನೆ, ಒಂದೇ ಅಚ್ಚು, ಒಂದೇ ಬಣ್ಣ. ಹೊಸದರಲ್ಲಿ ಮಾವ ಹೊಲದಿಂದ ಬಂದವನೇ ಕಾಶೆಪ್ಪಜ್ಜನ ಮನೆಗೆ ನುಗ್ಗಿ, ತಲೆಯ ಪಟಗ ಗೂಟಕ್ಕೆ ಹಾಕಿ, ಕಾಶೆಪ್ಪನ ಹೆಂಡತಿಗೆ "ನೀರು ತಾ" ಎಂದಿದ್ದನಂತೆ. ಆಕೆ ತಂದು ಕೊಟ್ಟಳಂತೆ ಕೂಡ. ಕುಡಿದು ಲೋಟ ಇಡುವಾಗಲೇ ಗೊತ್ತಾಗಿದ್ದು, ಲೋಟ ತನ್ನದಲ್ಲ ಎಂದು.

ಎಲ್ಲರೂ ನಕ್ಕರು. ಅಂಗಳದಲ್ಲಿ ಕೊಡೆ ಹಿಡಿದು ಕೂತಿದ್ದ ಅತ್ತೆ ಶಿವಗಂಗಾಬಾಯಿಯೂ ನಕ್ಕಿದ್ದು ತ್ರಿವೇಣಿಗೆ ಬಾಗಿಲಿಂದ ಕಂಡಿತು.

ಅತ್ತೆ ಮಠದ ಒಳಗೆ ಬರುವುದಿಲ್ಲ. ಮಠ ಅಂತಲ್ಲ, ಗಚ್ಚಿನ ಮಾಳಿಗೆ ಇರುವ ಯಾವ ಮನೆಯಲ್ಲೂ ಹೊತ್ತು ಕಳೆಯುವುದಿಲ್ಲ. ಸರಕಾರ ಕೊಟ್ಟ ಮನೆಯಲ್ಲಿ ಉಣ್ಣಲು, ದೇವರಿಗೆ ಕೈಮುಗಿಯಲು ಒಳಗೆ ಬಂದು ಹೋಗುತ್ತಾಳೆ. ಮಲಗುವುದು ಅಂಗಳದಲ್ಲಿ, ನಾಲ್ಕೂ ಕಡೆ ಬಯಲಾದ, ತಗಡಿನ ಪತ್ರಾದ ಚಪ್ಪರದ ಕೆಳಗೆ. ಮಳೆಗಾಲ, ಚಳಿಗಾಲ ಎಲ್ಲ ಅಲ್ಲೇ. "ಪತ್ರಾ ಬಿದ್ರ ಗಾಯ ಆಗ್ತದ, ಕಲ್ಲು ಬಿದ್ರ ಹೆಣ ಆಗ್ತದ" ಎನ್ನುತ್ತಾಳೆ. ಇದು ಬರೀ ಹೆದರಿಕೆ ಎಂದು ಹೊಸ ಸೊಸೆಯಾಗಿದ್ದಾಗ ತ್ರಿವೇಣಿ ತಿಳಿದಿದ್ದಳು. ಆಮೇಲೆ ಬಾವಿಕಟ್ಟೆಯಲ್ಲಿ ಅಕ್ಕಪಕ್ಕದ ಹೆಂಗಸರು ಹೇಳಿದರು. ಊರಿಗೆಲ್ಲ ಗೊತ್ತಿದ್ದ, ಮನೆಯಲ್ಲಿ ಮಾತ್ರ ಯಾರೂ ಆಡದ ಮಾತು ಅದು.

ಭೂಕಂಪವಾದ ರಾತ್ರಿ ಆ ಮನೆಯವರು ಯಾರೂ ಊರಲ್ಲಿರಲಿಲ್ಲ. ಉದಗೀರದಲ್ಲಿ ಶಿವಗಂಗಾಬಾಯಿಯ ಅಣ್ಣನ ಬಸುರಿ ಸೊಸೆಗೆ ಕುಬುಸ, ಮಕ್ಕಳನ್ನೂ ಕಟ್ಟಿಕೊಂಡು ಎಲ್ಲರೂ ಹೋಗಿದ್ದರು. ಹೊಲದ ಆಳು ಧೋಂಡಿಬಾನ ಗುಡಿಸಲು ಆ ಮಳೆಗೆ ಸೋರುತ್ತಿತ್ತು. ಅವನ ಹೆಂಡತಿ ಸಾಳುಬಾಯಿಗೆ ಶಿವಗಂಗಾಬಾಯಿ, "ನಾವು ಬರೋತನಕ ವಾಡೇದಾಗ ಮಲಗ್ರಿ, ದೀಪ ಹಚ್ಚಿದಂಗೂ ಆಗ್ತದ, ಮಕ್ಕಳು ನೆನಿಯೂದೂ ತಪ್ಪತದ" ಎಂದಳು. ಹಳೆಯ ಊರಿನ ಆ ದೊಡ್ಡ ಮನೆಯ ಮಾಳಿಗೆಯ ಮೇಲೆ ತಲೆಮಾರುಗಳಿಂದ ಹಾಕುತ್ತ ಬಂದ ಮಣ್ಣು, ಮೊಳಗಟ್ಟಲೆ ದಪ್ಪದ ಕಲ್ಲುಗೋಡೆ, ಎಲ್ಲ ಮಲಗಿದವರ ಮೇಲೆ ಕುಸಿಯಿತು. ಗಂಡ, ಹೆಂಡತಿ, ಎರಡು ಮಕ್ಕಳು, ಯಾರೂ ಉಳಿಯಲಿಲ್ಲ. ಹಿರಿ ಮಗಳೊಬ್ಬಳು ದೇವಣಿ ಕಡೆ ಅಜ್ಜಿಯ ಊರಲ್ಲಿದ್ದಳು, ಅವಳು ಉಳಿದಳು. ವಿಶ್ವನಾಥಪ್ಪನ ಮನೆತನದವರು ಇದ್ದಷ್ಟೂ ಜನ ಉಳಿದರು. ಸುತ್ತಲಿನ ಊರುಗಳಲ್ಲಿ ಅಂಥ ಭಾಗ್ಯ ಯಾರಿಗೂ ಇರಲಿಲ್ಲ. ಜನ ಅದನ್ನು ದೇವರ ಕೃಪೆ ಎಂದರು. ಅತ್ತೆ ಮಾತ್ರ ಆ ಮಾತಿಗೆ ಎಂದೂ ಹೂಂಗುಟ್ಟಲಿಲ್ಲ.

ಇದೆಲ್ಲ ತಿಳಿದ ಮೇಲೂ ತ್ರಿವೇಣಿ ಅತ್ತೆಯನ್ನು ಏನೂ ಕೇಳಲಿಲ್ಲ. ಜಿಟಿಜಿಟಿ ಮಳೆಯಲ್ಲಿ ಚಪ್ಪರಕ್ಕೆ ಚಹ ಒಯ್ಯುವುದು, ಒದ್ದೆಯಾದ ಹಾಸಿಗೆ ಒಳಗೆ ತಂದು ಒಲೆಯ ಮುಂದೆ ಒಣಗಿಸುವುದು ಅವಳ ದಿನದ ಕೆಲಸಕ್ಕೆ ಇನ್ನೊಂದಾಗಿ ಸೇರಿಕೊಂಡಿತು.

ಅರಗಿನ ಮನೆಯ ಸರದಿ ಬಂದದ್ದು ಒಂದು ಸೋಮವಾರ. ಮಠ ಕಿಕ್ಕಿರಿದಿತ್ತು. ದಾಯಾದಿಗಳು ಮೇಣ, ಅರಗು, ತುಪ್ಪ ಸೇರಿಸಿ ಗೋಡೆ ಎಬ್ಬಿಸಿ, ಮೇಲೆ ಸುಣ್ಣ ಬಳಿದು ಅರಮನೆಯಂತೆ ಮಾಡಿದ ಮನೆ. ಐವರು ಅಣ್ಣತಮ್ಮಂದಿರನ್ನೂ ತಾಯಿಯನ್ನೂ ಅದರಲ್ಲಿಟ್ಟು ಸುಡುವ ಸಂಚು. ಸಂಚು ತಿಳಿದ ಅಣ್ಣತಮ್ಮಂದಿರು ಒಳಗಿನಿಂದ ಸುರಂಗ ತೋಡಿಸಿಕೊಂಡರು. ಶಾಸ್ತ್ರಿಗಳು ಕೆಮ್ಮು ಮರೆತು ಓದಿದರು. ಅಂದು ತಾಯಿ ಊರವರಿಗೆಲ್ಲ ಊಟ ಹಾಕಿದಳು. ಉಂಡವರಲ್ಲಿ ಕಾಡಿನ ಒಬ್ಬ ಹೆಂಗಸು ತನ್ನ ಐದು ಮಕ್ಕಳೊಡನೆ ಅಲ್ಲೇ ಮಲಗಿದಳು. ಅಣ್ಣತಮ್ಮಂದಿರು ತಾವೇ ಬೆಂಕಿಯಿಟ್ಟು ತಾಯಿಯೊಡನೆ ಸುರಂಗದಿಂದ ಪಾರಾದರು. ಬೂದಿಯಲ್ಲಿ ಸಿಕ್ಕ ಆರು ಹೆಣಗಳನ್ನು ನೋಡಿ ಲೋಕ ಅವರೇ ಸತ್ತರೆಂದು ನಂಬಿತು. ಕಾಡಿನ ಹೆಂಗಸಿಗೆ ಶಾಸ್ತ್ರಿಗಳು ಕೊಟ್ಟದ್ದು ಒಂದೇ ಮಾತು. ಉಳಿದದ್ದೆಲ್ಲ ಸುರಂಗದ ವರ್ಣನೆ, ಕತ್ತಲಲ್ಲಿ ತಾಯಿಯನ್ನು ಹೆಗಲಮೇಲೆ ಹೊತ್ತು ನಡೆದ ಮಗನ ಶಕ್ತಿಯ ವರ್ಣನೆ.

ತ್ರಿವೇಣಿ ಎದ್ದು ನಿಂತಳು. ಮರಾಠಿಯಲ್ಲಿ ಮನೆ ಕಟ್ಟಿದ್ದಾಯಿತು, ಸುರಂಗ ತೋಡಿದ್ದಾಯಿತು. ಆ ಹೆಂಗಸಿನ ಹತ್ತಿರ ಬಂದಾಗ ಕಣ್ಣು ತಾನೇ ಬಾಗಿಲ ಕಡೆ ಹೊರಳಿತು. ಅತ್ತೆಯ ಕೊಡೆ ಅಲುಗಾಡದೆ ನಿಂತಿತ್ತು. ಕನ್ನಡದಲ್ಲಿ ಒಂದು ಸಲ ಕೇಳಿಯಾಗಿದೆ. ಇನ್ನೊಮ್ಮೆ ಯಾಕೆ, ಬಿಟ್ಟುಬಿಡಲೇ ಎನಿಸಿತು. ಬಿಟ್ಟರೆ ಗೊತ್ತಾಗುವುದು ಯಾರಿಗೆ? ಆದರೆ ಬಿಟ್ಟರೆ ಬೂದಿಯಲ್ಲಿ ಸಿಕ್ಕ ಹೆಣಗಳು ಯಾರವೆಂದು ಹೇಳಬೇಕು? "ಒಬ್ಬ ಹೆಂಗಸು ಮಕ್ಕಳೊಂದಿಗೆ ಅಲ್ಲಿ ಮಲಗಿದ್ದಳು, ಆ ಮಕ್ಕಳೊಂದಿಗೆ ಸುಟ್ಟುಹೋದಳು" ಎಂದು ಇದ್ದದ್ದನ್ನು ಇದ್ದಂತೆ ಹೇಳಿದಳು. ದನಿ ತುಸು ಒಡೆಯಿತು. ಗಂಟಲು ಕೂತಿದೆ ಎಂದು ಜನ ಅಂದುಕೊಂಡರು.

ಆಗ ಅಂಗಳದಿಂದ ಅತ್ತೆಯ ಮಾತು ಕೇಳಿಸಿತು.

"ಶಾಸ್ತ್ರಿಗಳೇ, ಆ ಹೆಣ್ಮಗಳ ಹೆಸರೇನ್ರಿ?"

ಮಠದಲ್ಲಿದ್ದವರೆಲ್ಲ ಹಿಂದೆ ತಿರುಗಿದರು. ಶಾಸ್ತ್ರಿಗಳು ಕನ್ನಡಕ ತೆಗೆದು ಬಾಗಿಲತ್ತ ನೋಡಿದರು. "ಹೆಸರು ಹೇಳಿಲ್ರಿ ಅವ್ವಾ," ಎಂದರು.

"ಮತ್ತ, ಪಾರಾಗಿ ಹೋದವರು ಹೊಳ್ಳಿ ಬಂದು ಆಕಿ ಸಲುವಾಗಿ ಅತ್ತರೇನು?"

ಶಾಸ್ತ್ರಿಗಳು ಪುಸ್ತಕದ ಹಾಳೆ ಮುಂದೆ ಒಂದೆರಡು ತಿರುವಿದರು. ಆಮೇಲೆ ಮೆಲ್ಲಗೆ, "ಅದೂ ಇಲ್ಲರಿ," ಎಂದರು. ಪುಸ್ತಕ ಮುಚ್ಚಿ ಮಂಗಳಾರತಿಗೆ ಹೇಳಿದರು. ಅಂದಿನ ಪುರಾಣ ಬೇಗ ಮುಗಿಯಿತು.

ಮನೆಯಲ್ಲಿ ರವಿಕಾಂತ ರೊಟ್ಟಿ ಮುರಿಯುತ್ತ ಸಿಡುಕಿದ. "ಊರೆಲ್ಲ ಕೂತಾಗ ಅವ್ವ ಹಂಗ್ಯಾಕ ಕೇಳಬೇಕು? ನೀ ತಿಳಿದಾಕಿ, ನೀನರೆ ಆ ಮಾತು ಹಾರಸಬೇಕಿತ್ತು."

"ಹಾರಸಿದ್ರ ಕಥಿಗಿ ಅರ್ಥಾನೇ ಇರತಿರಲಿಲ್ಲ," ಎಂದಳು ತ್ರಿವೇಣಿ.

ಮರುದಿನ ಬೆಳಗ್ಗೆ ಚಪ್ಪರಕ್ಕೆ ಚಹ ಒಯ್ದರೆ ಅತ್ತೆ ತೊಳೆದ ಇಲಕಲ್ಲ ಸೀರೆ ಉಟ್ಟು ಕೂತಿದ್ದಳು. "ದೇವಣಿಗಿ ಹೋಗೂಣು ನಡಿ ನನ್ನವ್ವಾ," ಎಂದಳು. "ಸಾಳುಬಾಯಿ ಮಗಳು ಉಜ್ವಲಾ ಅಲ್ಲೇ ಅದಾಳಂತ. ಹೋರಿ ಸಾಕೋರ ಮನ್ಯಾಗ ಕೊಟ್ಟಾರಂತ ನಿಮ್ಮ ಮಾವ ಹೇಳಿದ್ರು."

"ಈಗ ಯಾಕ್ರೀ ಅತ್ತಿ? ಇಷ್ಟು ವರ್ಷ ಆದ ಮ್ಯಾಲ?"

"ಇಷ್ಟು ವರ್ಷ ಯಾವ ಮಾರಿ ಹೊತ್ತು ಹೋಗಲಿ ಅಂತಿದ್ದೆ. ಈಗ ಮಾರೀನೂ ಮುದಿ ಆತು. ಇನ್ನ ನಾಚಿಕಿ ಯಾಕ?"

ಸೋಯಾಬೀನ್ ಕಳೆ ಬಾಕಿಯಿತ್ತು, ಸಂಜೆ ಪುರಾಣವಿತ್ತು, ಮೈಯಲ್ಲಿ ಸಣ್ಣ ಜ್ವರವೂ ಇತ್ತು. ಅತ್ತೆಯೊಬ್ಬಳನ್ನೇ ಕಳಿಸುವ ಹಾಗಿರಲಿಲ್ಲ. ತ್ರಿವೇಣಿ ಅಡುಗೆಯನ್ನು ಮಂಗಲಾಗೆ ಒಪ್ಪಿಸಿ ಹೊರಟಳು. ಕಾಸಾರಶಿರಸಿಯಿಂದ ನಿಲಂಗಾ, ಅಲ್ಲಿ ಬಸ್ ಬದಲಿಸಿ ದೇವಣಿ. ಬಸ್ಸಿನ ಕಿಟಕಿ ಗಾಜು ಸರಿಯಾಗಿ ಮುಚ್ಚುತ್ತಿರಲಿಲ್ಲ. ದಾರಿಯುದ್ದಕ್ಕೂ ಮಳೆಹನಿ ತೋಳಿಗೆ ಬಡಿಯಿತು. ಅತ್ತೆ ಮಡಿಲಲ್ಲಿ ಒಂದು ಕುಬುಸದ ಕಣ, ಒಂದು ತೆಂಗಿನಕಾಯಿ ಹಿಡಿದುಕೊಂಡಿದ್ದಳು.

ದೇವಣಿಯಲ್ಲಿ ಹೋರಿ ಸಾಕುವವರ ಮನೆ ಕೇಳಿದರೆ ಹತ್ತು ಜನ ಹತ್ತು ಕಡೆ ಕೈ ತೋರಿಸಿದರು. ಕೇಳುತ್ತ ಕೇಳುತ್ತ ಊರ ತುದಿಗೆ ಹೋದಾಗ, ಕಪ್ಪು ಮಚ್ಚೆಯ ಬಿಳಿ ಹೋರಿಯೊಂದರ ಮೈ ತಿಕ್ಕುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿದಳು. ನಲವತ್ತರ ಹತ್ತಿರದವಳು. ಅತ್ತೆ ಅಲ್ಲೇ ನಿಂತುಬಿಟ್ಟಳು. ಕೇಳುವ ಅಗತ್ಯವೇ ಬೀಳಲಿಲ್ಲ.

"ಅದೇ ಗದ್ದ," ಎಂದು ಕನ್ನಡದಲ್ಲಿ ತನಗೆ ತಾನೇ ಹೇಳಿಕೊಂಡಳು.

ತಾವು ಯಾರೆಂದು ತ್ರಿವೇಣಿಯೇ ಮರಾಠಿಯಲ್ಲಿ ಹೇಳಿದಳು. ಉಜ್ವಲಾ ಕೈಯಲ್ಲಿದ್ದ ನಾರು ಬಕೆಟ್ಟಿಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ಒಂದಿಷ್ಟು ಹೊತ್ತು ಇಬ್ಬರನ್ನೂ ನೋಡಿದಳು. ಅಳಲಿಲ್ಲ, ಸಿಟ್ಟೂ ಆಗಲಿಲ್ಲ. "ಯಾ, ಆತ ಯಾ" ಎಂದು ಒಳಗೆ ಕರೆದಳು. ಸರಕಾರದ ಯೋಜನೆಯಲ್ಲಿ ಕಟ್ಟಿದ ಹೊಸ ಮನೆ, ಮೇಲೆ ಗಚ್ಚಿನ ಮಾಳಿಗೆ. ಅತ್ತೆಯ ಕಾಲು ಹೊಸ್ತಿಲಲ್ಲಿ ನಿಂತಿತು. ಹೇಗೆ ಹೇಳಲಿ ಎಂದು ತ್ರಿವೇಣಿ ಮಾತು ಹುಡುಕುವಷ್ಟರಲ್ಲಿ ಉಜ್ವಲಾ ಚಾಪೆ ತೆಗೆದುಕೊಂಡು ಹೋರಿ ಕಟ್ಟುವ ಪತ್ರಾದ ಕೆಳಗೆ ಹಾಸಿದಳು.

"ನಮ್ಮ ಅಜ್ಜಿಯೂ ಸಾಯುವ ತನಕ ಒಳಗೆ ಮಲಗಲಿಲ್ಲ," ಎಂದಳು. "ನಾನು ಮಲಗುತ್ತೇನೆ. ದಿನವೆಲ್ಲ ದುಡಿದು ದಣಿದವಳಿಗೆ ಯಾವ ಮಾಳಿಗೆಯಾದರೇನು."

ಹೋರಿ ಮೆಲುಕು ಹಾಕುತ್ತಿತ್ತು. ಪತ್ರಾದ ಮೇಲೆ ಮಳೆ ಸದ್ದು ಮಾಡುತ್ತಿತ್ತು. ಚಹ ಬಂತು. ಅತ್ತೆ ಕಣ, ಕಾಯಿ ಕೊಟ್ಟಳು. ಉಜ್ವಲಾ ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟಳು. ಆಮೇಲೆ ಅವಳೇ ಕೇಳಿದಳು.

"ಅವ್ವ ಹೇಗಿದ್ದಳು? ನನ್ನ ಹತ್ತಿರ ಫೋಟೋ ಇಲ್ಲ. ಅಜ್ಜಿ ಹೇಳುತ್ತಿದ್ದದ್ದು ಅಜ್ಜಿಯ ಜೊತೆಗೇ ಹೋಯಿತು. ಕಣ್ಣು ಮುಚ್ಚಿದರೆ ಒಂದು ಹಸಿರು ಸೀರೆ ಕಾಣುತ್ತದೆ, ಮುಖ ಕಾಣುವುದಿಲ್ಲ."

ಹೊರಗಿನವರೊಡನೆ ಜೀವನವೆಲ್ಲ ಮರಾಠಿ ಆಡಿದ ಅತ್ತೆ ಹೇಳಲು ಹೊರಟದ್ದು ಮರಾಠಿಯಲ್ಲೇ. ಎರಡು ಮಾತು ಆದ ಮೇಲೆ ಅದು ಬತ್ತಿತು, ಕನ್ನಡ ಬಂತು. ತ್ರಿವೇಣಿ ಪಕ್ಕದಲ್ಲಿ ಕೂತು ಒಂದೊಂದನ್ನೇ ಅರ್ಥ ಹೇಳುತ್ತ ಹೋದಳು. ಇಲ್ಲಿ ಮೈಕಿರಲಿಲ್ಲ, ಕೂತ ಗಂಟಲಿಗೆ ಅಷ್ಟೇ ಆರಾಮ.

"ಎತ್ತರ ಇದ್ಲು. ನಿನಕಿಂತ ಎತ್ತರ. ನಗು ಬಂದ್ರ ಸೆರಗು ಬಾಯಿಗಿ ಅಡ್ಡ ಹಿಡೀತಿದ್ಲು, ಮುಂದಿನ ಹಲ್ಲು ಒಂದು ಮುರದಿತ್ತು ಅಂತ. ಜ್ವಾಳ ಕೊಯ್ಯಾಗ ಗಂಡಾಳಿಗೂ ಸಾಲು ಬಿಟ್ಟುಕೊಡತಿರಲಿಲ್ಲ. ಮುಂಗೈ ಮ್ಯಾಲ ತುಳಸಿಕಟ್ಟಿ ಹಚ್ಚಿ ಹೊಯ್ಸಿಕೊಂಡಿದ್ಲು. ಬೆಲ್ಲ ಅಂದ್ರ ಜೀವ. ನಾ ಒಂದು ತುಣುಕು ಕೊಟ್ರ ಸೆರಗಿನ ತುದಿಗಿ ಗಂಟು ಹಾಕೊಂಡು, 'ಉಜ್ವಲಾ ಬಂದಾಗ ಕೊಡತೀನಿ' ಅಂತಿದ್ಲು."

ಉಜ್ವಲಾ ತಲೆ ತಗ್ಗಿಸಿ ಕೇಳುತ್ತಿದ್ದಳು. ತನ್ನ ಹೆಸರು ಬಂದಲ್ಲಿ ಅರ್ಥ ಹೇಳುವ ಮೊದಲೇ ಅವಳ ಬೆರಳುಗಳು ಚಾಪೆಯ ಎಳೆಯನ್ನು ಕೀಳತೊಡಗಿದ್ದವು.

"ನಮ್ಮನ್ಯಾಗ ಆಕಿ ಆಳಂಗ ಇರಲಿಲ್ಲ," ಎಂದಳು ಅತ್ತೆ ಕಣ್ಣೊರೆಸಿಕೊಳ್ಳುತ್ತ. "ಮನಿಮಗಳಂಗ ಇದ್ಲು."

ತ್ರಿವೇಣಿ ಮರಾಠಿಯಲ್ಲಿ ಆ ಮಾತನ್ನೂ ಹೇಳಿದಳು. ಉಜ್ವಲಾ ತಲೆಯೆತ್ತಿದಳು. ಅವಳ ದನಿಯಲ್ಲಿ ಬಿರುಸಿರಲಿಲ್ಲ. ಹೋರಿಗೆ ಮೇವು ಸಾಲದು ಎಂದು ಹೇಳುವವರ ಹಾಗೆ ಹೇಳಿದಳು.

"ಮನೆಮಗಳಾಗಿದ್ದರೆ ಉದಗೀರಕ್ಕೆ ಕುಬುಸಕ್ಕೆ ಕರೆದುಕೊಂಡು ಹೋಗುತ್ತಿದ್ದಿರಿ."

ಇದಕ್ಕೆ ಅರ್ಥ ಹೇಳುವ ಅಗತ್ಯವಿರಲಿಲ್ಲ. ಅತ್ತೆಗೆ ಮರಾಠಿ ಬರುತ್ತದೆ. ಅವಳು ಬಹಳ ಹೊತ್ತು ಹೋರಿಯ ಕಾಲ ಕಡೆ ನೋಡುತ್ತಿದ್ದಳು. ಮಾತು ತೇಲಿಸಿಬಿಡಬೇಕೆಂದು ತ್ರಿವೇಣಿ ಬಾಯಿ ತೆರೆದಳು. ಅತ್ತೆ ಅವಳ ಮೊಣಕಾಲ ಮೇಲೆ ಕೈಯಿಟ್ಟು ತಡೆದಳು.

"ಖರೇ," ಎಂದಳು ಶಿವಗಂಗಾಬಾಯಿ. "ಖರೇ ಅದ ತಾಯಿ."

"ಚಹ ಆರುತ್ತಿದೆ, ಕುಡಿಯಿರಿ," ಎಂದಳು ಉಜ್ವಲಾ. "ಅಜ್ಜಿ ನಿಮ್ಮನ್ನು ಎಂದೂ ಬೈಯಲಿಲ್ಲ. ಮಳೆಯಲ್ಲಿ ಮಕ್ಕಳು ನೆನೆಯಬಾರದೆಂದು ಒಳಗೆ ಮಲಗಿಸಿದರು ಎಂದೇ ಹೇಳುತ್ತಿದ್ದಳು. ನಾನೂ ಬೈಯಲು ಹೇಳಿದ್ದಲ್ಲ. ಇದ್ದದ್ದು ಹೇಳಿದೆ."

ಎದ್ದು ಹೊರಟಾಗ ಬಸ್ಸಿನ ರಸ್ತೆಯವರೆಗೆ ಜೊತೆಗೆ ಬಂದಳು. ಅತ್ತೆ ಕೆಸರಲ್ಲಿ ಜಾರಿದಾಗ ರಟ್ಟೆ ಹಿಡಿದಳು, ಆಮೇಲೆ ಬಿಡಲಿಲ್ಲ. ಬಸ್ಸು ಬರುವ ಮೊದಲು, "ಅವ್ವ ಬೀಸುವಾಗ ಏನೋ ಹಾಡುತ್ತಿದ್ದಳಂತೆ," ಎಂದಳು. "ಮುಂದಿನ ಸಲ ಬರುವಾಗ ನೆನಪು ಮಾಡಿಕೊಂಡು ಬನ್ನಿ."

ನಿಲಂಗಾದಲ್ಲಿ ಬಸ್ಸಿಗೆ ಬಹಳ ಕಾಯಬೇಕಾಯಿತು. ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ತ್ರಿವೇಣಿಗೆ ಜ್ವರ ಏರಿತು. ಅತ್ತೆ ತನ್ನ ಶಾಲು ತೆಗೆದು ಹೊದಿಸಿದಳು, "ನಿನ್ನ ದಣಸಿದೆ ನನ್ನವ್ವಾ," ಎಂದಳು. ಇಷ್ಟು ವರ್ಷದಲ್ಲಿ ಈ ಮನೆಯಲ್ಲಿ ಒಬ್ಬರು ಆ ಮಾತು ಅಂದದ್ದು ಅದೇ ಮೊದಲು. ತ್ರಿವೇಣಿ ಶಾಲಿನೊಳಗೆ ಮುಖ ಮುಚ್ಚಿಕೊಂಡಳು.

ಊರು ಮುಟ್ಟುವಷ್ಟರಲ್ಲಿ ಪುರಾಣ ಮುಗಿದು ಜನ ಮನೆಗೆ ಹೋಗುತ್ತಿದ್ದರು. ಅರ್ಥ ಹೇಳಿದ್ದು ಮಂಗಲಾಳ ಮಗಳು, ಕಾಲೇಜು ಓದುವ ಸ್ವಪ್ನಾಲಿ. "ಕಾಕೂ, ಅರ್ಧ ತಪ್ಪೇ ಹೇಳಿದೆ," ಎಂದು ಓಡಿಬಂದಳು. "ಎಲ್ಲರೂ ನಕ್ಕರು. ನಾಳೆಯೂ ನಾನೇ ಹೇಳಲಾ?"

ತ್ರಿವೇಣಿಗೆ ಎದೆಯಲ್ಲಿ ಸಣ್ಣಗೆ ಚುಚ್ಚಿತು. ಅದರ ಬೆನ್ನಿಗೇ ಹೆಗಲು ಹಗುರಾಯಿತು. "ಹೇಳು," ಎಂದಳು. "ತಿಳಿಯದಿದ್ರ ಮೊದಲ ನನ್ನ ಕೇಳು. ಯಾರನ್ನೂ ಬಿಡಬ್ಯಾಡ ಅಷ್ಟೇ."

ಮಂಗಲಾ ತಾಟಿಗೆ ರೊಟ್ಟಿ, ಪುಂಡಿಪಲ್ಯ ಹಾಕಿ ಮುಚ್ಚಿಟ್ಟಿದ್ದಳು. ಉಂಡು ಕೈತೊಳೆದ ಮೇಲೆ ತ್ರಿವೇಣಿ ಪಾತ್ರೆಗಳ ಕಡೆ ನೋಡಿದಳು, ನೋಡಿ ಅಲ್ಲೇ ಬಿಟ್ಟು ಗೋಡೆಗೊರಗಿ ಕಾಲು ಚಾಚಿದಳು. ಹೊರಗೆ ಅಂಗಳದಲ್ಲಿ ಅತ್ತೆ ಸಾಳುಬಾಯಿಯ ಬೀಸುವ ಹಾಡು ಗುನುಗುತ್ತಿದ್ದಳು. ಒಂದು ಸಾಲು ಬರುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು, ಮತ್ತೆ ಮೊದಲಿಂದ.

"ತ್ರಿವೇಣಿ, ಇದರ ಮುಂದೇನು?"

"ನಂಗ ಹ್ಯಾಂಗ ಗೊತ್ತಾಗಬೇಕ್ರೀ ಅತ್ತಿ?" ಎಂದಳು. ಅಷ್ಟರಲ್ಲಿ ಅವಳ ಕಣ್ಣು ಎಳೆಯತೊಡಗಿದ್ದವು.